ಉಡಿ ತುಂಬುವ ವರ್ಷ

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದರಿಂದ, ನಮ್ಮ ಮನೆಯಲ್ಲಿ ಹಳೆಯ ಸಂಗತಿಗಳನ್ನು ಇಸವಿಗಿಂತ ಜಾತ್ರೆಯ ಲೆಕ್ಕದಲ್ಲೇ ನೆನೆಯುತ್ತಾರೆ. ದೊಡ್ಡಪ್ಪನ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದದ್ದೂ ಹಾಗೆಯೇ, ‘ಆ ಜಾತ್ರೆಯ ಮುಂಚಿನ ಮಳೆಗಾಲದಲ್ಲಿ’.

ಅಕ್ಕನ ಮದುವೆಗೆ ಅಜ್ಜಿ ಒಪ್ಪದಿರಲು ಕಾರಣವಾಗಿ ಹೇಳಿದ್ದು ದೇವಿಯ ಕಥೆಯನ್ನೇ. ಜಾತಿ ಮರೆಮಾಚಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದವನ ಗುಟ್ಟು ರಟ್ಟಾದಾಗ ಅವಳು ಉಗ್ರಳಾಗಿ ಮನೆಗೆ ಬೆಂಕಿಯಿಟ್ಟಳು, ಕೋಣನೊಳಗೆ ಅಡಗಿದ ಗಂಡನನ್ನು ಕೊಂದಳು ಎಂಬ ಆ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದವರು. ಜಾತ್ರೆಯ ಕೊನೆಯಲ್ಲಿ ಆ ಮನೆಯ ಗುರುತಾದ ಮಾತಂಗಿ ಚಪ್ಪರ ಉರಿಯುವುದನ್ನು ಕಣ್ಣಾರೆ ಕಂಡವರಿಗೆ ಅದು ಬರೀ ಕಥೆಯಾಗಿ ಉಳಿಯುವುದಿಲ್ಲ. ಅದನ್ನು ಹೇಳಿಕೊಂಡು ಬಂದವರ ಬಾಯಲ್ಲಿ ಕೇಳುವುದಕ್ಕೂ, ಅದರಲ್ಲಿ ತಪ್ಪಿತಸ್ಥರಾದವರ ಕಿವಿಯಿಂದ ಕೇಳುವುದಕ್ಕೂ ಇರುವ ಅಂತರ ಮಾತ್ರ ನನಗೆ ಬಹುಕಾಲ ಹೊಳೆದಿರಲಿಲ್ಲ. ಮುಂದೆ ಒಮ್ಮೆ ಭಾವ, ಯಾವ ಸಿಟ್ಟೂ ಇಲ್ಲದೆ, ‘ಆ ಬೆಂಕಿಯಲ್ಲಿ ಹುಡುಗನ ತಾಯಿ ಏನಾದಳಂತೆ?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಒಂದು ಜಾತ್ರೆ ಅಕ್ಕನಿಲ್ಲದೆ ಕಳೆಯಿತು. ಎರಡನೆಯದಕ್ಕೆ ಮುಂಚೆ ಅಪ್ಪಯ್ಯ ಮಾತು ತೆಗೆದರು. ಕೋಣನ ಬಲಿ ಈ ದೇವಸ್ಥಾನದಲ್ಲಿ ನಿಂತದ್ದು ಗಾಂಧೀಜಿಯ ಕಾಲದಲ್ಲಿ. ಅವರು ಶಿರಸಿಗೆ ಬಂದದ್ದು 1934ರಲ್ಲಿ. ‘ಬಲಿ ನಿಂತಮೇಲೂ ದೇವಿ ಗದ್ದುಗೆಗೆ ಬರುವುದನ್ನು ಬಿಟ್ಟಳೇ?’ ಎಂಬ ಅಪ್ಪಯ್ಯನ ಪ್ರಶ್ನೆಗೆ ಅಜ್ಜಿ ಸುಮ್ಮನೆ ಅಡಿಕೆ ಕತ್ತರಿಸುತ್ತಿದ್ದಳು. ಎರಡು ದಿನ ಬಿಟ್ಟು, ಯಾರೂ ಕೇಳದಿದ್ದರೂ, ಅವಳೇ ಹೇಳಿದಳು: ದೇವಿಗೆ ಸಿಟ್ಟು ಬಂದದ್ದು ಸುಳ್ಳಿಗೆ, ಈ ಹುಡುಗ ಸುಳ್ಳು ಹೇಳಿದವನಲ್ಲ. ನನ್ನ ಮಟ್ಟಿಗೆ ಇದು ಪೂರ್ಣ ಸಮಾಧಾನ ಕೊಡುವ ಅರ್ಥವಲ್ಲ, ಆದರೆ ಎಪ್ಪತ್ತೆಂಟರ ವಯಸ್ಸಿನಲ್ಲಿ, ನಂಬಿದ್ದನ್ನು ಬಿಡದೆ ಮೊಮ್ಮಗಳನ್ನು ಕರೆಯಲು ಅವಳಿಗೆ ಸಿಕ್ಕ ದಾರಿ ಅದೊಂದೇ ಆಗಿತ್ತು. ಫೋನಿನಲ್ಲಿ ಹೇಳಿದ್ದು ಇಷ್ಟೇ: ‘ಜಾತ್ರಿಗೆ ಬಾ ತಂಗಿ, ಉಡಿ ತುಂಬವು.’

ಆ ವರ್ಷ ಭಾವನಿಗೆ ಎಲೆ ಹಾಕಿದ್ದು ಹೊರಜಗುಲಿಯಲ್ಲಿ. ಅಜ್ಜಿ ತಾನೇ ಬಡಿಸಿದಳು; ಮಡಿ ಕೆಡದಂತೆ ಸೌಟನ್ನು ಒಂದು ಗೇಣು ಎತ್ತರದಿಂದಲೇ ಬಗ್ಗಿಸಿದ್ದರಿಂದ ತಂಬುಳಿ ಎಲೆಯ ಅಂಚಿಗೆ ಸಿಡಿಯಿತು. ಭಾವ ಅನ್ನವನ್ನು ಒಟ್ಟುಮಾಡಿ ಅದಕ್ಕೊಂದು ಕಟ್ಟೆ ಕಟ್ಟಿದ. ಅಕ್ಕ ಎಲೆಯಿಂದ ಕಣ್ಣೆತ್ತಲಿಲ್ಲ. ಕರೆದು ಕೂರಿಸಿ ಹೀಗೆ ಬಡಿಸುವುದು ಕರೆಯದಿರುವುದಕ್ಕಿಂತ ಹೆಚ್ಚು ನೋಯಿಸುತ್ತದೆ ಎಂದು ನಾನು ಆಯಿಯ, ಎಂದರೆ ನನ್ನ ಅಮ್ಮನ, ಹತ್ತಿರ ಜಗಳವಾಡಿದ್ದೆ. ‘ನಿಧಾನ ಮಾಡು’ ಎಂದಷ್ಟೇ ಆಯಿ ಅಂದದ್ದು, ಮತ್ತು ಅದು ನನಗೆ ಈಗಲೂ ಅರ್ಧ ಮಾತ್ರ ಒಪ್ಪಿಗೆ. ನಿಧಾನದ ಬೆಲೆಯನ್ನು ಯಾವಾಗಲೂ ಜಗುಲಿಯಲ್ಲಿ ಕುಳಿತವರೇ ತೆರುತ್ತಾರೆ.

ಮರುಜಾತ್ರೆಗೆ ಎಲ್ಲರ ಎಲೆಗಳೂ ಒಳಗೆ ಒಂದೇ ಸಾಲಿನಲ್ಲಿದ್ದವು. ಅಜ್ಜಿಯ ಕೈ ಆಗ ನಡುಗುತ್ತಿತ್ತು. ಭಾವನ ಎಲೆಯ ಮುಂದೆ ಬಂದಾಗ ಸೌಟು ಅನ್ನಕ್ಕೆ ತಾಗಿತು. ಅವಳು ಅದನ್ನು ಬದಲಿಸಲಿಲ್ಲ, ಮುಂದಿನ ಎಲೆಗೂ ಅದರಲ್ಲೇ ಬಡಿಸಿದಳು. ಸಂಜೆ, ಜಾತ್ರೆ ನಡೆಯುವ ಬಿಡ್ಕಿಬೈಲಿನ ಗದ್ದುಗೆಯ ಸರದಿಯಲ್ಲಿ ಅಜ್ಜಿ ಅಕ್ಕಿ, ಕಾಯಿ, ರವಿಕೆ ಕಣದ ಗಂಟನ್ನು ಹೊರಲಾರದೆ ಅತ್ತಿತ್ತ ನೋಡಿ, ಹಿಂದೆ ನಿಂತಿದ್ದ ಭಾವನ ಕೈಗೆ ಕೊಟ್ಟು, ‘ನೆಲಕ್ಕೆ ಇಡಡ’ ಎಂದಳು.