ಹೋಗಿರೋದು ಬಣ್ಣವಾ, ಚರ್ಮವಾ?

"ಹೋಗಿರೋದು ಬಣ್ಣವಾ, ಚರ್ಮವಾ? ಅದ್ ಹೇಳಪ್ಪಾ ಮೊದ್ಲು."

ಮೈಸೂರಿನ ದೇವರಾಜ ಅರಸ್ ರಸ್ತೆಯ ಹತ್ತಿರ ಶೂ ರಿಪೇರಿಗೆ ಕೂರುವ ಹಿರಿಯರೊಬ್ಬರು ಮೊನ್ನೆ ಒಬ್ಬ ಹುಡುಗನಿಗೆ ಕೇಳಿದ ಮಾತಿದು. ಆಮೇಲಿಂದ ತಲೆಯೊಳಗೆ ಅದೇ ಸುತ್ತುತ್ತಿದೆ.

ಹುಡುಗ ತಂದಿದ್ದು ಮದುವೆಗೆ ಮಾವನ ಮನೆಯವರು ಕೊಡಿಸಿದ ಟ್ಯಾನ್, ಅಂದರೆ ತಿಳಿಗಂದು ಬಣ್ಣದ ಶೂ. ಆರತಕ್ಷತೆಗೆ ಹಾಕಿ, ಡಬ್ಬದಲ್ಲೇ ಬೀರುವಿನ ಮೇಲಿಟ್ಟಿದ್ದನಂತೆ. ಮಳೆಗಾಲ ಕಳೆದು ತೆಗೆದರೆ ಬೂಷ್ಟು. ಯಾವುದೋ ವಿಡಿಯೋ ನೋಡಿ ಬಲಗಾಲಿನ ಶೂವಿನ ಮೂತಿಯನ್ನು ನೈಲ್ ಪಾಲಿಷ್ ರಿಮೂವರ್ ಹಾಕಿ ತಿಕ್ಕಿದ್ದಾನೆ. "ಯಜಮಾನ್ರೇ, ಎರಡಕ್ಕೂ ಕಪ್ಪು ಬಣ್ಣ ಹೊಡ್ದುಕೊಡಿ" ಅಂದ. ಅದಕ್ಕೆ ಬಂದ ಪ್ರಶ್ನೆ ಅದು.

ಹುಡುಗ ಸುಮ್ಮನೆ ನಿಂತ. ಯಜಮಾನರು ಎರಡೂ ಶೂಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಲು ಬಿಟ್ಟು, ಮೂತಿಯ ಮೇಲೆ ಒಂದೊಂದು ಹನಿ ನೀರು ಬಿಟ್ಟರು. ಎಡದ್ದರ ಮೇಲೆ ಹನಿ ದುಂಡಗೆ ನಿಂತಿತು. ಬಲದ್ದರ ಮೇಲೆ ನೋಡುತ್ತಿದ್ದಂತೆ ಇಂಗಿ, ಕಡುಗಂದು ಕಲೆಯಾಯಿತು. ಉಗುರಾಡಿಸಿದರೆ ಅಲ್ಲಿ ಸಣ್ಣ ನಾರು ಏಳುತ್ತಿತ್ತು. "ನೋಡು, ಬಣ್ಣದ ಜೊತೆ ಮೇಲಿನ ಪದರನೂ ಕಿತ್ತಿದೀಯ."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಎಲ್ಲ ಶೂಗೂ ಒಂದೇ ಮದ್ದು ಹೇಳುವ ಆ ವಿಡಿಯೋದವರ ಮೇಲಿದೆ. ಪೇಟೆಯಲ್ಲಿ ಸಿಗುವ ಬಹಳಷ್ಟು ಶೂಗಳ ಚರ್ಮದ ಮೇಲಿನ ಗಾಯ, ಮಚ್ಚೆಗಳನ್ನು ಕಾರ್ಖಾನೆಯಲ್ಲೇ ಉಜ್ಜಿ ತೆಗೆದು, ಬಣ್ಣ ಬೆರೆಸಿದ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಲೇಪ ಕೊಟ್ಟಿರುತ್ತಾರೆ. ನೈಲ್ ಪಾಲಿಷ್ ರಿಮೂವರ್‌ನಲ್ಲಿರುವ ಅಸಿಟೋನ್ ಆ ಲೇಪವನ್ನು ತೇಪೆ ತೇಪೆಯಾಗಿ ಎಬ್ಬಿಸುತ್ತದೆ. ಅಡಿಯಲ್ಲಿ ನಯವಾದ ಚರ್ಮ ಇರುವುದಿಲ್ಲ, ಉಜ್ಜಿದ ನಾರು ಇರುತ್ತದೆ. ಹಳೆಯ ಬಣ್ಣ ತೆಗೆದು ಹೊಸದು ಹಾಕುವ ಕೆಲಸ ಒಪ್ಪುವುದು ಮೇಲ್ಪದರ ಉಳಿಸಿಕೊಂಡ ಫುಲ್ ಗ್ರೇನ್ ಚರ್ಮಕ್ಕೆ. ಅಲ್ಲೂ ಟ್ಯಾನ್ ಇದ್ದದ್ದನ್ನು ಕಪ್ಪು ಮಾಡಬಹುದು, ಕಪ್ಪನ್ನು ಟ್ಯಾನ್ ಮಾಡಲಾಗದು. ಪಾಲಿಯೆಸ್ಟರ್ ಹೊಲಿಗೆ ದಾರ ಬಣ್ಣ ಹಿಡಿಯುವುದಿಲ್ಲ, ಹಳೆಯ ಬಣ್ಣದಲ್ಲೇ ಎದ್ದು ಕಾಣುತ್ತದೆ. ಒಳಗೆ 'ಜೆನ್ಯೂನ್ ಲೆದರ್' ಎಂಬ ಮುದ್ರೆ ಇದ್ದರೆ ಚರ್ಮ ಎನ್ನುವುದಷ್ಟೇ ಗೊತ್ತಾಗುತ್ತದೆ, ಯಾವ ದರ್ಜೆಯದು ಎಂದಲ್ಲ. ಅಷ್ಟು ದುಡ್ಡು ತೆಗೆದುಕೊಳ್ಳುವ ಅಂಗಡಿಯವರು ಇದನ್ನೊಂದು ಮಾತು ಹೇಳಬಾರದೆ? ಹೇಳುವವರು ಫುಟ್‌ಪಾತಿನಲ್ಲಿ ಗೋಣಿಚೀಲದ ಮೇಲೆ ಕೂತಿರುತ್ತಾರೆ, ಅವರ ಮಾತಿಗೆ ನಾವು ಬೆಲೆ ಕಟ್ಟುವುದಿಲ್ಲ.

ಬಣ್ಣವಾ, ಚರ್ಮವಾ? ಮನೆಯಲ್ಲಿ ಕೈಹಾಕಬೇಕೋ ಬೇಡವೋ ಎನ್ನುವುದಕ್ಕೂ ಇದೇ ಪ್ರಶ್ನೆ ಸಾಕು.

ಬಣ್ಣ ಮಾಸಿದೆ, ಮೇಲ್ಮೇಲೆ ಗೀರಿದೆ ಅಂದರೆ ಮನೆಯಲ್ಲೇ ಆಗುವ ಕೆಲಸ. ಲೇಸು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ರಾತ್ರಿಯಿಡೀ ನೆರಳಲ್ಲಿ ಆರಲಿ. ಬಿಸಿಲು, ಹೇರ್ ಡ್ರೈಯರ್ ಬೇಡ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ಮುರುಟಿ ಗಟ್ಟಿಯಾಗುತ್ತದೆ. ಆಮೇಲೆ ಬಣ್ಣವಿರುವ ಶೂ ಕ್ರೀಮ್, ಶೂವಿನ ಬಣ್ಣದ್ದೇ, ಸಿಗದಿದ್ದರೆ ಒಂದು ಛಾಯೆ ತಿಳಿ ಬಣ್ಣದ್ದು. ಮೊದಲು ಶೂವಿನ ನಾಲಗೆಯ ಮೇಲೆ, ಲೇಸಿನ ಅಡಿ ಮುಚ್ಚಿಹೋಗುವ ಜಾಗದಲ್ಲಿ ಹಚ್ಚಿ ನೋಡಬೇಕು. ಹೊಂದಿದರೆ ಕಡಲೆಕಾಳಿನಷ್ಟು ತೆಗೆದುಕೊಂಡು ತೆಳ್ಳಗೆ ಸವರಿ, 15 ನಿಮಿಷ ಬಿಟ್ಟು ಬ್ರಶ್ ಹೊಡೆಯುವುದು. ಬೇಕಿದ್ದರೆ ಇನ್ನೊಂದು ಸಲ. ಡಬ್ಬಿಯ ಗಟ್ಟಿ ಮೇಣದ ಪಾಲಿಷ್ ಮೂತಿಗೆ, ಹಿಮ್ಮಡಿಗೆ ಮಾತ್ರ. ಬೆರಳು ಮಡಚುವ ಕಡೆ ದಪ್ಪಗೆ ಹಚ್ಚಿದರೆ ನಡೆದಾಗ ಒಡೆದು ಗೆರೆಯೊಳಗೆ ಪುಡಿಯಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಚರ್ಮ ಕಪ್ಪಾಗಿ, ಜೋತು, ಧೂಳು ಹಿಡಿಯುತ್ತದೆ.

ಮಡಿಕೆಯಲ್ಲಿ ಚರ್ಮವೇ ಬಿರಿದಿದ್ದರೆ ಅದು ಕೂಡುವುದಿಲ್ಲ. ನಾರು ತುಂಡಾಗಿದೆ. ಫಿಲ್ಲರ್ ಮೆತ್ತಿದರೂ ಬಾಗುವ ಕಡೆ ಮತ್ತೆ ಬಾಯಿ ಬಿಡುತ್ತದೆ. ಬಾಗದ ಮೂತಿಯಲ್ಲಾದರೆ ನಿಲ್ಲುತ್ತದೆ.

ಸೋಲ್ ಬಾಯಿ ಬಿಟ್ಟಿದ್ದರೆ ಫೆವಿಕ್ವಿಕ್ ಹಾಕುವವರೇ ಜಾಸ್ತಿ. ಅದು ಒಣಗಿದ ಮೇಲೆ ಬಾಗದು, ನಾಲ್ಕು ಹೆಜ್ಜೆಗೆ ಸಿಡಿಯುತ್ತದೆ. ಅದರ ಗಟ್ಟಿ ಪದರ ಕೆರೆದು ತೆಗೆಯದೆ ಇನ್ನೊಂದು ಅಂಟು ಕೂರುವುದೂ ಇಲ್ಲ. ರಬ್ಬರ್ ಅಂಟನ್ನು ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಿ, ಒಂದು ದಿನ ಹಾಕದೆ ಬಿಡಬೇಕು. ಆದರೆ ಅಂಚಿಗೆ ನಿಜವಾದ ಹೊಲಿಗೆಯಿರುವ ವೆಲ್ಟ್ ಶೂ ಆದರೆ ಅಂಟಿನ ಗೋಜಿಗೇ ಹೋಗದೆ, ಹೊಲಿಯುವವರ ಕೈಗೆ ಕೊಡಿ. ಅದಕ್ಕೆ ಹೊಸ ಅಟ್ಟೆ ಕಟ್ಟಿಸಿಕೊಂಡು ವರ್ಷಗಟ್ಟಲೆ ಹಾಕಬಹುದು. ಪಿಯು (ಪಾಲಿಯುರೆಥೇನ್) ಸೋಲ್ ಪುಡಿಪುಡಿಯಾಗಿ ಉದುರುತ್ತಿದ್ದರೆ ಅಂಟಿನ ತಪ್ಪಲ್ಲ, ಗಾಳಿಯ ತೇವಕ್ಕೆ ಆ ಪ್ಲಾಸ್ಟಿಕ್ಕೇ ಮುರಿದುಬಿದ್ದಿದೆ. ಹಾಕದೆ ಡಬ್ಬದಲ್ಲಿಟ್ಟ ಶೂಗೂ ಹೀಗಾಗುತ್ತದೆ.

ಯಜಮಾನರು ಕಪ್ಪು ಹೊಡೆಯಲು ಒಪ್ಪಲಿಲ್ಲ. "ಲೇಪದ ಮೇಲೆ ಕಪ್ಪು ನಿಲ್ಲಾಕಿಲ್ಲ, ಪ್ಯಾಂಟಿಗೆ ಹತ್ತುತ್ತೆ." ದುಡ್ಡು ಬರುವ ಕೆಲಸವನ್ನು ಹೀಗೆ ಬೇಡ ಅನ್ನುವವರನ್ನು ಕಂಡರೆ ನನಗೆ ಗೌರವ. ಎದ್ದ ನಾರನ್ನು ಸಣ್ಣ ಉಪ್ಪುಕಾಗದದಲ್ಲಿ ಹಗುರವಾಗಿ ತೀಡಿ, ಎರಡೂ ಮೂತಿಗೆ ಕಡುಗಂದು ಕ್ರೀಮ್ ಹಚ್ಚಿ, ಹಿಂದಕ್ಕೆ ಹೋಗುತ್ತ ತಿಳಿಯಾಗುವಂತೆ ಎಳೆದರು. ಕೆಟ್ಟಿದ್ದು ಬಲದ್ದೊಂದೇ. ಆದರೂ ಎಡದ್ದಕ್ಕೂ ಹಚ್ಚಿದ್ದರಿಂದ ಜೋಡಿ ಹೊಂದಿತು. ಬಲದ ಮೂತಿ ಕ್ರೀಮನ್ನು ಹೆಚ್ಚು ಕುಡಿಯುತ್ತಿತ್ತು, ಅದಕ್ಕೆ ಅಲ್ಲಿ ಇನ್ನೂ ತೆಳ್ಳಗೆ, ಎರಡೆರಡು ಸಲ.

ಬೂಷ್ಟಿಗೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ, ಬಟ್ಟೆ ಹಿಂಡಿ, ಮನೆಯಾಚೆ ಒರೆಸಲು ಹೇಳಿದರು. ಡಬ್ಬ ಎಸೆದು, ಶೂ ಒಳಗೆ ಅಚ್ಚಿಲ್ಲದ ಬಿಳಿ ಕಾಗದ ತುರುಕಿ, ಗಾಳಿಯಾಡುವ ಕಡೆ ಇಡು ಅಂದರು.