ಮೊನ್ನೆ ಅಂದರೆ ಯಾವ ತಾರೀಖು?

ನಾನು ಕೋಲಾರದಲ್ಲಿ ವಕೀಲೆ. ನನ್ನ ಹತ್ತಿರ ಬರುವವರಲ್ಲಿ ಸಣ್ಣ ವ್ಯಾಪಾರದವರೇ ಜಾಸ್ತಿ. ಟೊಮೆಟೊ ಮಂಡಿಗೆ ಕ್ರೇಟ್ ಕೊಡುವವರು, ಗೊಬ್ಬರದ ಅಂಗಡಿಯವರು, ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸರು. ಇವರದು ದೊಡ್ಡ ಕೇಸುಗಳಲ್ಲ. ಬರಬೇಕಾದ ದುಡ್ಡು ಬಂದಿಲ್ಲ, ಅಷ್ಟೇ. ಆದರೆ ಆ ದುಡ್ಡೇ ಅವರ ಬಂಡವಾಳ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನೊಂದು ತಪ್ಪು ಮಾಡಿದೆ. ಆಗ ಸೀನಿಯರ್ ಒಬ್ಬರ ಆಫೀಸಿನಲ್ಲಿದ್ದೆ. ಕ್ರೇಟ್ ವ್ಯಾಪಾರಿ ಒಬ್ಬರು ಬಂದರು. 1,85,000 ರೂಪಾಯಿಯ ಚೆಕ್ ಬೌನ್ಸ್ ಆಗಿತ್ತು. "ಯಾವಾಗ ವಾಪಸ್ ಬಂತು?" ಅಂತ ಕೇಳಿದೆ. "ಮೊನ್ನೆ ಬಂತು ಲಾಯರಮ್ಮ" ಅಂದರು. ನಾನು ಅದನ್ನೇ ನಂಬಿದೆ. ಚೆಕ್ ಕೊಟ್ಟ ಮಂಡಿಯವನು ಹೇಗೆ ಪರಿಚಯ, ಎಷ್ಟು ವರ್ಷದ ವ್ಯವಹಾರ, ಯಾರ ಮುಂದೆ ಏನು ಮಾತಾಯಿತು, ಎಲ್ಲ ಬರೆದುಕೊಂಡೆ. ಬ್ಯಾಂಕಿನ ರಿಟರ್ನ್ ಮೆಮೊ, ಅಂದರೆ ಚೆಕ್ ಪಾಸಾಗಲಿಲ್ಲ ಅಂತ ಬ್ಯಾಂಕು ಕೊಡುವ ಚೀಟಿ, ಫೈಲಿನಲ್ಲೇ ಇತ್ತು. ಅದರ ತಾರೀಖು ಮಾತ್ರ ನೋಡಲಿಲ್ಲ.

ಮೆಮೊ ಅವರ ಕೈಗೆ ಬಂದಿದ್ದು ಜೂನ್ 10ಕ್ಕೆ. ಅವರು ನನ್ನ ಹತ್ತಿರ ಬಂದಿದ್ದು ಜುಲೈ 4ಕ್ಕೆ. ಹಣ ಕೊಡು ಅಂತ ಮಂಡಿಯವನಿಗೆ ನಾನು ನೋಟಿಸ್ ಅಂಚೆಗೆ ಹಾಕಿದ್ದು ಜುಲೈ 12ಕ್ಕೆ. ಚೆಕ್ ಪಾಸಾಗಲಿಲ್ಲ ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ಆ ಗಡುವು ಜುಲೈ 10ಕ್ಕೇ ಮುಗಿದಿತ್ತು. ಎರಡು ದಿನ ತಡ. ಈ 30 ದಿನ ದಾಟಿದರೆ ಆ ನೋಟಿಸಿನ ಮೇಲೆ ಚೆಕ್ ಬೌನ್ಸ್ ಕಾನೂನಿನ 138ನೇ ಕಲಮಿನ ಕೇಸು ನಿಲ್ಲುವುದಿಲ್ಲ.

ಸೀನಿಯರ್ ಫೈಲು ತಿರುವಿ, ಮೆಮೊ ಮೇಲೆ ಬೆರಳಿಟ್ಟು ತೋರಿಸಿದರು. ಬೈಯಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಮನುಷ್ಯ ಕ್ರೇಟ್ ತರಿಸಲು ಸಾಲ ಮಾಡಿದ್ದರು.

ಒಂದು ದಾರಿ ಉಳಿದಿತ್ತು. ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳು ಅದು ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಅದೇ ಚೆಕ್ಕನ್ನು ಮತ್ತೆ ಬ್ಯಾಂಕಿಗೆ ಹಾಕಬಹುದು. ಮತ್ತೆ ವಾಪಸ್ ಬಂದರೆ ಅಲ್ಲಿಂದ ಹೊಸದಾಗಿ 30 ದಿನ ಸಿಗುತ್ತದೆ. ಸುಪ್ರೀಂ ಕೋರ್ಟ್ 2012ರಲ್ಲೇ ಇದನ್ನು ಒಪ್ಪಿದೆ. ನಮ್ಮ ಚೆಕ್ಕಿನ ತಾರೀಖು ಜೂನ್ 4, ಅಂದರೆ ಸಮಯ ಇತ್ತು. ವ್ಯಾಪಾರಿಗೆ ಫೋನ್ ಮಾಡಿ ನನ್ನ ತಪ್ಪನ್ನು ಹೇಳಿದೆ. "ಮೊನ್ನೆ ಅಂದೋನು ನಾನೇ ಅಲ್ವಾ ಲಾಯರಮ್ಮ" ಅಂದರು. ಆದರೆ ಮೆಮೊ ನೋಡಬೇಕಾದವಳು ನಾನು. ಅವರ ಕೆಲಸ ವ್ಯಾಪಾರ, ತಾರೀಖು ನೋಡುವುದು ನನ್ನ ಕೆಲಸ.

ಚೆಕ್ ಮತ್ತೆ ಹಾಕಿದೆವು. ಮತ್ತೆ ಬೌನ್ಸ್ ಆಯಿತು. ಎರಡನೇ ದಿನಕ್ಕೇ ನೋಟಿಸ್ ಹೋಯಿತು. ಚೆಕ್ಕಿನಲ್ಲಿರುವ ಮೊತ್ತವನ್ನೇ ಕೇಳಿದೆವು, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಮಂಡಿಯವನು ನೋಟಿಸ್ ತೆಗೆದುಕೊಳ್ಳದೆ ವಾಪಸ್ ಕಳಿಸಿದ. ಹಾಗೆ ಮಾಡಿದರೆ ಬಚಾವಾದೆ ಅಂತ ತುಂಬಾ ಜನ ತಿಳಿದಿದ್ದಾರೆ. ಸರಿಯಾದ ವಿಳಾಸಕ್ಕೆ ಹೋದ ನೋಟಿಸನ್ನು ಬೇಡ ಅಂದರೂ ಅದು ತಲುಪಿದ ಹಾಗೇ ಲೆಕ್ಕ. ಅಲ್ಲಿಂದ 15 ದಿನ ಅವನಿಗೆ ಹಣ ಕಟ್ಟಲು ಸಮಯ. ಆ 15 ದಿನ ಮುಗಿಯುವ ಮೊದಲೇ ದೂರು ಕೊಟ್ಟರೂ ತಪ್ಪು, ಕೇಸು ಬಿದ್ದುಹೋಗುತ್ತದೆ. ಮುಗಿದ ಮೇಲೆ ಒಂದು ತಿಂಗಳೊಳಗೆ ಕೊಡಬೇಕು. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಗಿ ಮೂರು ಕಂತಿನಲ್ಲಿ ದುಡ್ಡು ಬಂತು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಮುಂದೆ ಅಪೀಲು ಇಲ್ಲ.

ಅಂದಿನಿಂದ ನಾನು ಮೊದಲು ಕಾಗದ ಕೇಳುತ್ತೇನೆ, ಆಮೇಲೆ ಕಥೆ. ಕಥೆ ಬೇಡ ಅಂತಲ್ಲ. ಆದರೆ ಕಥೆ ನಾಳೆಯೂ ಕೇಳಬಹುದು, ಗಡುವು ನಾಳೆ ಇರುವುದಿಲ್ಲ. ಮೆಮೊ ಕೈಗೆ ಬಂದ ದಿನವನ್ನು ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು, ಅದರ ಪಕ್ಕದಲ್ಲಿ 30ನೇ ದಿನ ಯಾವುದು ಅಂತ ಬರೆಯುತ್ತೇನೆ.

ಇಷ್ಟು ವರ್ಷದಲ್ಲಿ ಇನ್ನೊಂದನ್ನು ನೋಡಿದ್ದೇನೆ. ಜನ ತಡ ಮಾಡುವುದು ಸೋಮಾರಿತನದಿಂದಲ್ಲ. ಮುಖ ನೋಡಿ ಸುಮ್ನಿರುತ್ತಾರೆ. ಆ ಕಡೆಯವರು "ಮುಂದಿನ ವಾರ ಕೊಡ್ತೀನಿ ಅಣ್ಣ" ಅಂದರೆ ಇವರು ಕಾಯುತ್ತಾರೆ. ನಾಲ್ಕು "ಮುಂದಿನ ವಾರ" ಸೇರಿದರೆ 28 ದಿನ. ನೋಟಿಸ್ ಕಳಿಸಿದ ಮೇಲೂ ಮಾತುಕತೆಗೆ ಅಡ್ಡಿ ಇಲ್ಲ. ಮಾತು ಮುಂದುವರಿಸಿ, ಆದರೆ ನೋಟಿಸ್ ಹೋಗಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹೊರ ರಾಜ್ಯದ ಖರೀದಿದಾರರು ಕೊಟ್ಟ ಚೆಕ್ ಇದ್ದರೆ "ಅಲ್ಲಿಗೆ ಹೋಗಿ ಯಾರು ಕೇಸು ಹಾಕ್ತಾರೆ" ಅಂತ ಕೈಬಿಡುವವರಿದ್ದಾರೆ. ನಿಮ್ಮ ಖಾತೆ ಕೋಲಾರದ ಶಾಖೆಯಲ್ಲಿದ್ದು, ಚೆಕ್ಕನ್ನು ಆ ಖಾತೆಗೆ ಹಾಕಿದ್ದರೆ ಕೇಸು ಕೋಲಾರದಲ್ಲೇ. 2015ರ ತಿದ್ದುಪಡಿಯಿಂದ ಈ ಅನುಕೂಲ ಸಿಕ್ಕಿದೆ.

ನರಸಾಪುರ, ವೇಮಗಲ್ ಕಡೆಯ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕದವರಿಗೂ ಒಂದು ಮಾತು. ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿಗೆ ಶುಲ್ಕ ಇಲ್ಲ, ಮಾಡಿಸಿಕೊಳ್ಳಿ. ಅದಿದ್ದರೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ ಮಾಲು ಕೊಂಡ ಕಂಪನಿ 45 ದಿನಕ್ಕಿಂತ ಹೆಚ್ಚು ಕಾಲ ನಿಮ್ಮ ಹಣ ತಡೆಹಿಡಿಯುವಂತಿಲ್ಲ. ಆ ದಿನಗಳ ಲೆಕ್ಕಕ್ಕೆ ಮಾಲು ತಲುಪಿದ ದಿನದ ಚಲನ್‌ಗೆ ಸಹಿ, ತಾರೀಖು ಹಾಕಿಸಿಕೊಳ್ಳಿ.

ಹೆಂಗಸರು ಫೀಸಿಗೆ ಹೆದರಿ ನಿಲ್ಲಬೇಕಾಗಿಲ್ಲ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಆದಾಯ ಎಷ್ಟೇ ಇರಲಿ ಅವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಹೊಲಿಗೆ ಕೆಲಸ ಮಾಡುವ ಒಬ್ಬ ಅಕ್ಕ ಅಣ್ಣನ ಮಗನಿಗೆ ಪ್ರೊನೋಟಿನ (ಸಾಲ ತೀರಿಸುತ್ತೇನೆ ಅಂತ ಸಹಿ ಹಾಕಿದ ಕಾಗದ) ಮೇಲೆ 60,000 ಕೊಟ್ಟಿದ್ದರು. ನನಗೆ ತೋರಿಸಿದಾಗ ಮೂರು ವರ್ಷ ತುಂಬಲು 11 ದಿನ ಬಾಕಿ. ಅದು ದಾಟಿದರೆ ದಾವಾ ಹಾಕಲು ಆಗುವುದಿಲ್ಲ. ಅಷ್ಟರೊಳಗೆ ಸಾಲ ತೆಗೆದುಕೊಂಡವನು "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಹಾಕಿದರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಅವರಿಗೆ ಕೇಳಲು ಸಂಕೋಚ. ತವರು ಮನೆಯ ಮಾತು ಅಲ್ವಾ. ದುಡ್ಡು ಕೇಳಬೇಡಿ, ಸಹಿ ಮಾತ್ರ ಕೇಳಿ ಅಂದೆ. ಗೌರಿ ಹಬ್ಬಕ್ಕೆ ಅವನೇ ಬಾಗಿನ ತಂದ. ಊಟ ಆದ ಮೇಲೆ ಕಾಗದ ಮುಂದಿಟ್ಟರಂತೆ. ಅವನು ಮಾತಾಡದೆ ಬರೆದು ಸಹಿ ಹಾಕಿದ. ತಾರೀಖನ್ನೂ ಅವನ ಕೈಯಲ್ಲೇ ಬರೆಸಿಕೊಂಡಿದ್ದರು.