ಮೇಟ್ ಎಂದರೆ ಗೆಳೆಯ ತಾನೇ ಎನ್ನುವವರಿಗೆ

ನಾನು ಸಿಡ್ನಿಯಲ್ಲಿದ್ದೇನೆಂದು ತಿಳಿದ ಕೂಡಲೇ ಊರಿನವರು ಕೇಳುವ ಪ್ರಶ್ನೆ ಒಂದೇ: ‘ಅಲ್ಲಿ ಎಲ್ಲರೂ ಎಲ್ಲರನ್ನೂ ಮೇಟ್ ಅನ್ನುತ್ತಾರಂತಲ್ಲ, ಅದು ನಮ್ಮ ಬೆಂಗಳೂರಿನ ಗುರು ಇದ್ದ ಹಾಗೆ ತಾನೇ?’ ಆ ‘ತಾನೇ’ ಎಂಬ ಬಾಲವೇ ನನಗೆ ಆಗದು. ಉತ್ತರವನ್ನು ತಾವೇ ಬರೆದುಕೊಂಡು ಬಂದು ನನ್ನಿಂದ ಮೊಹರು ಮಾತ್ರ ಒತ್ತಿಸಿಕೊಳ್ಳುವವರಿಗೆ ಏನನ್ನು ವಿವರಿಸುವುದು?

ನಮ್ಮ ಸೋದರಮಾವ ಇಲ್ಲಿಗೆ ಬಂದಿದ್ದಾಗ, ಬಸ್ಸಿನಿಂದ ಇಳಿಯುತ್ತ ನಾನು ಚಾಲಕನಿಗೆ ‘ಥ್ಯಾಂಕ್ಸ್, ಮೇಟ್’ ಎಂದದ್ದನ್ನು ಕೇಳಿ, ‘ಡ್ರೈವರು ನಿನಗೆ ಅಷ್ಟು ಪರಿಚಯವೇನೋ?’ ಎಂದು ಬೆರಗಾದರು. ಅದೇ ಸಂಜೆ ಅಂಗಡಿಯ ಪಾರ್ಕಿಂಗಿನಲ್ಲಿ ಒಬ್ಬಾತ ಕಾರಿನ ಗಾಜು ಇಳಿಸಿ, ದನಿಯನ್ನು ತಗ್ಗಿಸಿ, ‘ಲಿಸನ್, ಮೇಟ್’ ಎಂದ. ಜಾಗಕ್ಕೆ ಮೊದಲು ಬಂದವನು ನಾನೇ ಎಂದು ಇಂದಿಗೂ ಹೇಳುತ್ತೇನೆ, ಆ ಮಾತು ಬೇರೆ. ಆತನ ದವಡೆ ಬಿಗಿದಿದ್ದುದನ್ನು ಗಮನಿಸದ ಮಾವ ಮಾತ್ರ, ಇನ್ನೊಬ್ಬ ಸ್ನೇಹಿತ ಸಿಕ್ಕಿದನೆಂದು ಅವನಿಗೆ ನಗುನಗುತ್ತ ಕೈಮುಗಿದರು.

ಎಳೆದು ‘ಮೇಏಟ್’ ಎಂದರೆ ಸಂತೋಷವೋ ಸಂತಾಪವೋ ಆಗಬಹುದು, ಕತ್ತರಿಸಿದಂತೆ ಅಂದರೆ ಎಚ್ಚರಿಕೆ. ಹೆಸರು ಮರೆತುಹೋದವನು ಎದುರಾದಾಗಲಂತೂ ಅದೇ ಆಪದ್ಬಾಂಧವ. ಎದುರಿಗಿರುವವರು ‘ನೀನೋ’ ‘ನೀವೋ’ ಎಂದು ತೀರ್ಮಾನಿಸದೆ ಬಾಯಿ ತೆರೆಯಲಾಗದ ನಮ್ಮಂಥವರಿಗೆ, ವಯಸ್ಸನ್ನೂ ಹುದ್ದೆಯನ್ನೂ ಅಳೆಯದೆ ಅಪರಿಚಿತರನ್ನು ಕರೆಯಬಹುದಾದ ಈ ಪದ ಕೊಡುವ ಬಿಡುಗಡೆ ಸಣ್ಣದಲ್ಲ. ನಮ್ಮ ‘ಗುರು’ ಆಟೋ ಚಾಲಕರ ಬಳಿ ನಡೆಯುತ್ತದೆ, ಮೇಲಧಿಕಾರಿಯ ಬಳಿ ನಡೆಯುವುದಿಲ್ಲ.

ಹಾಗಾದರೆ ಇದನ್ನು ಯಾರು ಯಾರಿಗೆ ಅನ್ನಬಾರದು ಎಂದು ಯಾರಾದರೂ ಕೇಳಬಾರದೇ? ಅದಕ್ಕಾದರೆ ಸಂತೋಷದಿಂದ ಉತ್ತರಿಸುತ್ತೇನೆ. 1999ರಲ್ಲಿ ಆಸ್ಟ್ರೇಲಿಯಾದ ಆಗಿನ ಪ್ರಧಾನಿ ಜಾನ್ ಹೊವಾರ್ಡ್, ಕವಿ ಲೆಸ್ ಮರ್ರಿಯವರ ಜೊತೆಗೂಡಿ ರಚಿಸಿದ ಸಂವಿಧಾನ ಪೀಠಿಕೆಯ ಕರಡಿನಲ್ಲಿ ‘ಮೇಟ್‌ಶಿಪ್’ ಎಂಬ ಪದವನ್ನು ಸೇರಿಸಿದಾಗ, ಅದು ಗಂಡಸರ ಬಳಗದ ಮಾತು, ಹೆಂಗಸರನ್ನು ಹೊರಗಿಡುತ್ತದೆ ಎಂಬ ಆಕ್ಷೇಪ ಎದ್ದಿತು. ಕೊನೆಗೆ ಪದವನ್ನು ಕೈಬಿಡಲಾಯಿತು; ಉಳಿದ ಪೀಠಿಕೆಯನ್ನೂ ಆ ನವೆಂಬರಿನ ಜನಮತಗಣನೆಯಲ್ಲಿ ಮತದಾರರು ತಿರಸ್ಕರಿಸಿದರು. ಮುಂದೆ 2005ರ ಆಗಸ್ಟಿನಲ್ಲಿ ಕ್ಯಾನ್‌ಬೆರಾದ ಸಂಸತ್ ಭವನದ ಕಾವಲು ಸಿಬ್ಬಂದಿಗೆ, ಸಂಸದರನ್ನೂ ಸಂದರ್ಶಕರನ್ನೂ ಮೇಟ್ ಎಂದು ಕರೆಯಕೂಡದೆಂಬ ಆದೇಶ ಬಂತು. ಸಂಸದರು ತಮ್ಮತಮ್ಮೊಳಗೆ ಧಾರಾಳವಾಗಿ ಬಳಸುವ ಪದ ಬಾಗಿಲಲ್ಲಿ ನಿಂತವನ ಬಾಯಲ್ಲಿ ಅಗೌರವವಾಗುವುದು ಹೇಗೆಂದು ಯಾರೂ ವಿವರಿಸಲಾಗಲಿಲ್ಲ. ಪ್ರಧಾನಿಯಾದಿಯಾಗಿ ಎಲ್ಲರೂ ಗೇಲಿ ಮಾಡಿದ ಮೇಲೆ, ಒಂದೇ ದಿನದಲ್ಲಿ ಆದೇಶವನ್ನು ಹಿಂತೆಗೆದುಕೊಂಡರು.